ಹಳೆಯ ಮನಸ್ಸಿನ ಮತದಾರ

ಸಂಪ್ರದಾಯವಾದಿ ಮತದಾರನೆಂದರೆ ಬದಲಾವಣೆಯ ವೈರಿಯೆಂದು ಬಗೆಯುವುದು ವಾಡಿಕೆ. ನಾನೂ ಅಂಥ ಮತದಾರನೇ. ಆದರೆ ನಾನು ಕಾಯಬಯಸುವುದು ಕೊಟ್ಟ ಮಾತನ್ನು. ಅಮೆರಿಕದಲ್ಲಿ ಪಕ್ಷದ ಹುರಿಯಾಳನ್ನು ಪ್ರಾಥಮಿಕ ಚುನಾವಣೆಯಲ್ಲಿ ಮತದಾರರೇ ಆರಿಸುವುದುಂಟು. ನಮ್ಮಲ್ಲಿ ಆ ಆಯ್ಕೆ ವರಿಷ್ಠರದು. ಅವರು ಕಳಿಸಿದವರನ್ನು ತೂಗುವುದಷ್ಟೇ ನಮ್ಮ ಪಾಲು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಿರಿಯರು 1952ರಲ್ಲಿ ಮುಂಬಯಿ ವಿಧಾನಸಭೆಗೆ ಮತವಿತ್ತರು. ಏಕೀಕರಣದ ತರುವಾಯ, 1957ರಲ್ಲಿ, ಮೈಸೂರು ವಿಧಾನಸಭೆಗೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ನೆನಪು ಆಗಿನ್ನೂ ಹಸಿಯಾಗಿತ್ತು. ಆ ತ್ಯಾಗದ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಯಾವ ಅಭ್ಯರ್ಥಿಯೂ ಕಿರಿದಾಗಿ ಕಾಣಬೇಕು.

2018ರಲ್ಲಿ ರಾಣೆಬೆನ್ನೂರು ಸಣ್ಣ ಪಕ್ಷವೊಂದರ ಆರ್. ಶಂಕರರನ್ನು ಗೆಲ್ಲಿಸಿ, ಸಭಾಧ್ಯಕ್ಷರಾಗಿದ್ದ ಕೆ. ಬಿ. ಕೋಳಿವಾಡರನ್ನು ಸೋಲಿಸಿತು. ಮರುವರ್ಷವೇ ಶಂಕರರು ಅನರ್ಹರಾದರು; ಡಿಸೆಂಬರಿನ ಉಪಚುನಾವಣೆಯಲ್ಲಿ ಭಾಜಪದ ಅರುಣಕುಮಾರ ಪೂಜಾರರು ಗೆದ್ದರು. ಐದು ವರ್ಷಕ್ಕೆಂದು ಕೊಟ್ಟ ಮತ ಅಷ್ಟು ಬೇಗ ಮತದಾರರ ಕೈಗೇ ಮರಳಿತ್ತು! 2023ರಲ್ಲಿ ಮೂರೂ ಕ್ಷೇತ್ರಗಳು ಕಾಂಗ್ರೆಸ್ಸಿಗೆ ಒಲಿದವು.

ಇದನ್ನು ಚಂಚಲತೆ ಎನ್ನಲಾರೆ. ಪಕ್ಷ ಬದಲಿಸುವ ಮತದಾರನು ಯಾರಿಗೂ ಮಾತು ಕೊಟ್ಟವನಲ್ಲ. ಮಾತು ಕೊಡುವವನು ಅಭ್ಯರ್ಥಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣದಿಂದ ಬೆಲೆ ಬಂದೀತು. ಅಭ್ಯರ್ಥಿಗೆ ಮಾತ್ರ ನಡೆದುಕೊಂಡ ರೀತಿಯಿಂದಲೇ ಬರಬೇಕು.