ತೊಗರಿ ಹೊಲದ ಹಳೆ ಬಾಕಿ

ಹೈದರಾಬಾದಿನಲ್ಲಿ ನೆಲೆಸಿರುವ ಕಲಬುರಗಿ ಕಡೆಯವರು ನಾಲ್ಕು ಜನ ಸೇರಿದರೆ ಮಾತು ತೊಗರಿಗೆ ಬಂದೇ ಬರುತ್ತದೆ. ಮೊದಲು ಮಳೆ, ಆಮೇಲೆ ರೇಟು, ಕೊನೆಗೆ ನೆಟೆ ರೋಗ. "ಹೊಲದಾಗ ಕಸುವೇ ಉಳಿದಿಲ್ಲರಿ, ಹೂ ಬಿಟ್ಟ ತೊಗರಿ ನಿಂತಲ್ಲೇ ಒಣಗ್ಯಾದ" ಅನ್ನುವ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ನೀವೂ ಕೇಳಿರುತ್ತೀರಿ.

ನಾನು ಓದಿದ್ದು ಬಿ.ಕಾಂ., ದುಡಿಮೆ ಬ್ಯಾಂಕಿನಲ್ಲಿ. ಮಣ್ಣಿನ ಶಿಲೀಂಧ್ರಗಳ ಬಗ್ಗೆ ಬರೆಯಲು ನಾನು ಯಾರು ಅಂತ ನೀವು ಕೇಳಬಹುದು. ಆದರೆ ಈ ವಿಷಯದ ಚರಿತ್ರೆ ಓದುತ್ತಾ ಹೋದಂತೆ ಇದು ಜಮಾ-ಖರ್ಚಿನ ಕಥೆಯೇ ಅನ್ನಿಸಿತು. ಒಂದೇ ಬೆಳೆ ಮತ್ತೆ ಮತ್ತೆ ಬೆಳೆದರೆ ಮಣ್ಣಿನಲ್ಲಿ ಏನು ಕಡಿಮೆಯಾಗುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರು ಲೆಕ್ಕ ಹಾಕಿದರು. ಏನು ಹೆಚ್ಚಾಗುತ್ತದೆ ಎಂದು ಕೇಳಲು ಬಹಳ ವರ್ಷ ಬೇಕಾಯಿತು.

1832ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್, ಬೇರುಗಳು ಮಣ್ಣಿಗೆ ಏನೋ ಹೊಲಸು ಬಿಡುತ್ತವೆ, ಅದು ಅದೇ ಜಾತಿಯ ಮುಂದಿನ ಬೆಳೆಗೆ ಆಗಿಬರುವುದಿಲ್ಲ ಎಂದು ವಾದಿಸಿದ. 1840ರಲ್ಲಿ ಜರ್ಮನಿಯ ಲೀಬಿಗ್, ಗಿಡ ಮಣ್ಣಿನಿಂದ ಖನಿಜಗಳನ್ನು ಒಯ್ಯುತ್ತದೆ, ಒಯ್ದದ್ದನ್ನು ವಾಪಸ್ ಕೊಡಬೇಕು ಎಂದ. ಲೀಬಿಗನ ಮಾತು ಗೆದ್ದಿತು. ಒಯ್ದದ್ದು ಖರ್ಚು, ಗೊಬ್ಬರ ಜಮಾ. ನಮ್ಮಂಥವರಿಗೂ ತಿಳಿಯುವ ಲೆಕ್ಕ.

ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1843ರಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿ ಬಿತ್ತಿ ಗೊಬ್ಬರದ ಪ್ರಯೋಗ ಶುರು ಮಾಡಿದರು. ಆ ಹೊಲದ ಒಂದು ಭಾಗದಲ್ಲಿ ಇಂದಿಗೂ ಗೋಧಿಯ ಮೇಲೆ ಗೋಧಿ ಬೆಳೆಯುತ್ತಿದ್ದಾರೆ. ಸರಿಯಾಗಿ ಗೊಬ್ಬರ ಕೊಟ್ಟ ತುಂಡುಗಳಲ್ಲಿ ಫಸಲು ಬರುತ್ತಲೇ ಇತ್ತು. ಲೆಕ್ಕ ಮುಗಿಯಿತು ಅಂತ ಜನ ತಿಳಿದರೆ ಆಶ್ಚರ್ಯವೇನು?

ಲೆಕ್ಕ ತಪ್ಪಿದ್ದು ಅಮೆರಿಕದಲ್ಲಿ, ಅಗಸೆ ಬೆಳೆಯಲ್ಲಿ. ಅಲ್ಲಿಯ ಬಯಲು ಸೀಮೆಯಲ್ಲಿ ವಲಸೆ ಬಂದ ರೈತರು ಹೊಸ ನೆಲ ಒಡೆದು ಅಗಸೆ ಬಿತ್ತುತ್ತಿದ್ದರು. ಮೊದಮೊದಲು ಒಳ್ಳೆ ಬೆಳೆ. ಕೆಲವೇ ವರ್ಷಗಳಲ್ಲಿ ಗಿಡ ಒಣಗಿ ಬೀಳುತ್ತಿತ್ತು. ಅಗಸೆ ನೆಲದ ಸತ್ವ ಹೀರಿಬಿಡುತ್ತದೆ ಎಂದು ಬೈದುಕೊಂಡು ಜನ ಇನ್ನಷ್ಟು ಪಶ್ಚಿಮಕ್ಕೆ, ಹೊಸ ನೆಲಕ್ಕೆ ಹೋಗುತ್ತಿದ್ದರು. ವಿಚಿತ್ರವೆಂದರೆ ಅದೇ ನೆಲದಲ್ಲಿ ಗೋಧಿ ಬಿತ್ತಿದರೆ ಚೆನ್ನಾಗಿ ಬರುತ್ತಿತ್ತು. ಸತ್ವ ಹೋಗಿದ್ದರೆ ಗೋಧಿ ಹೇಗೆ ಬರಬೇಕು?

ನಾರ್ತ್ ಡಕೋಟಾದ ಫಾರ್ಗೋ ಕೃಷಿ ಕಾಲೇಜಿನ ಹೆನ್ರಿ ಬೋಲಿ 1894ರಲ್ಲಿ ಒಂದು ಚಿಕ್ಕ ತುಂಡು ನೆಲ ಆರಿಸಿಕೊಂಡು ಪ್ರತಿ ವರ್ಷ ಅಗಸೆಯನ್ನೇ ಬಿತ್ತಿಸುತ್ತಾ ಹೋದ. ಅದರ ಹೆಸರು ಪ್ಲಾಟ್ ನಂಬರ್ 30. ನೆಲ ಹಾಳಾಗಲಿ ಎಂದೇ ಬಿತ್ತುವವನನ್ನು ಕಂಡು ಅಕ್ಕಪಕ್ಕದವರು ಏನಂದುಕೊಂಡರೋ! 1901ರ ಹೊತ್ತಿಗೆ ಬೋಲಿ ಕಾರಣ ಹಿಡಿದಿದ್ದ. ಬೇರಿನಿಂದ ಹೊಕ್ಕು ಗಿಡದ ನೀರಿನ ನಾಳ ಕಟ್ಟುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ನಮ್ಮ ಕಣ್ಣಿಗೆ ಬೂಷ್ಟಿನಂತೆ ಕಾಣುವ ಜಾತಿಯದು. ಅಗಸೆ ಸಿಕ್ಕಷ್ಟು ಸಲವೂ ಅದರ ಸಂಸಾರ ಬೆಳೆಯುತ್ತಿತ್ತು. ನೆಲ ಬರಿದಾಗಿರಲಿಲ್ಲ, ಬೇಡದವರಿಂದ ತುಂಬಿತ್ತು. ಬೋಲಿ ಅದನ್ನು ಅಗಸೆಗೆ ರೋಗ ಹಿಡಿದ ಮಣ್ಣು ಎಂದು ಕರೆದ. ಅಷ್ಟಕ್ಕೇ ಬಿಡದೆ, ಆ ರೋಗದ ನೆಲದಲ್ಲೂ ಸಾಯದೆ ಉಳಿದ ಗಿಡಗಳ ಬೀಜ ಆರಿಸಿ, ಮತ್ತೆ ಅಲ್ಲೇ ಬಿತ್ತಿ, ರೋಗ ತಡೆಯುವ ತಳಿಗಳನ್ನು ತೆಗೆದ. ರೋಗದ ನೆಲವೇ ಜರಡಿಯಾಯಿತು.

ಈಗ ನಮ್ಮ ತೊಗರಿಗೆ ಬರೋಣ. ಬೋಲಿ ಅಗಸೆಯ ಕಾರಣ ಹಿಡಿದ ಅದೇ 1901ರಲ್ಲಿ ಎಡ್ವಿನ್ ಬಟ್ಲರ್ ಎಂಬ ಐರ್ಲೆಂಡಿನವನು ಭಾರತಕ್ಕೆ ಬಂದ. ಓದಿದ್ದು ಡಾಕ್ಟರಿಕೆ, ಹಿಡಿದದ್ದು ಗಿಡದ ರೋಗಗಳ ಕೆಲಸ. ಬಿಹಾರದ ಪೂಸಾದಲ್ಲಿ ಸ್ಥಾಪನೆಯಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅವನೇ ಸರ್ಕಾರದ ಶಿಲೀಂಧ್ರತಜ್ಞ. ತೊಗರಿ ಒಣಗುವುದಕ್ಕೆ ಬೇರೊಂದು ಶಿಲೀಂಧ್ರ ಕಾರಣ ಎಂಬ ಅಭಿಪ್ರಾಯ ಆಗ ಇತ್ತು. ಬಟ್ಲರ್ ಪ್ರಯೋಗ ಮಾಡಿ, ಇಲ್ಲಿಯೂ ಅಪರಾಧಿ ಫ್ಯುಸೇರಿಯಂ ಕುಲದ್ದೇ ಎಂದು 1910ರಲ್ಲಿ ಬರೆದ. ಫ್ಯುಸೇರಿಯಂ ಉಡಮ್ ಎಂಬ ಹೆಸರೂ ಅವನು ಇಟ್ಟದ್ದೇ.

ನೆಟೆ ಹಿಡಿದ ತೊಗರಿ ಗಿಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಏರಿರುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಂದು-ಕಪ್ಪು ಗೆರೆ. ನೆಲದಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ಖರ್ಚೆಲ್ಲ ಆದಮೇಲೆ, ಹೂವು-ಕಾಯಿಯ ಹೊತ್ತಿಗೆ ಹೆಚ್ಚಾಗಿ ಕಾಣಿಸುವುದೇ ಇದರ ಕ್ರೂರತನ. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ರೋಗದ ಬೇರು, ಕೂಳೆಗಳಲ್ಲಿ ಶಿಲೀಂಧ್ರ ಸುಮಾರು ಮೂರು ವರ್ಷ ಬದುಕಿರುತ್ತದೆ. ಅಷ್ಟರೊಳಗೆ ಮತ್ತೆ ತೊಗರಿ ಬಿತ್ತಿದರೆ ಬಾಕಿಯ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಚಕ್ರಬಡ್ಡಿ.

ಮುಂದಿನ ಅಧ್ಯಾಯ ನಡೆದದ್ದು ನಮ್ಮ ಹೈದರಾಬಾದಿನ ಮಗ್ಗುಲಲ್ಲೇ. ಹುಮನಾಬಾದ್ ಮೇಲೆ ಊರಿಗೆ ಹೋಗುವ ಬಸ್ಸು ಪಟಾಂಚೇರು ದಾಟುತ್ತದಲ್ಲ, ಅಲ್ಲಿ 1972ರಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಶುರುವಾಯಿತು. ಅಲ್ಲಿಯ ವಿಜ್ಞಾನಿಗಳೂ ಬೋಲಿಯ ಹಾಗೆ ಬೇಕೆಂದೇ ನೆಟೆ ರೋಗದ ಹೊಲ ಮಾಡಿದರು. ಸತ್ತ ಗಿಡಗಳನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸಿ, ಅದರಲ್ಲಿ ತೊಗರಿ ತಳಿಗಳನ್ನು ಬಿತ್ತಿ ಉಳಿದವನ್ನು ಆರಿಸಿದರು. ಹಾಗೆ ಬಂದದ್ದು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ 'ಮಾರುತಿ' ತಳಿ. ಕಲಬುರಗಿ ಸೀಮೆಯ ಹಿರಿಯ ರೈತರಿಗೆ ಈ ಹೆಸರು ಹೇಳಿ ನೋಡಿ, ಮುಖ ಅರಳುತ್ತದೆ.

ಅದೇ ಸಂಸ್ಥೆಯ ಪ್ರಯೋಗಗಳಲ್ಲಿ ಇನ್ನೊಂದು ಮಾತೂ ಖಚಿತವಾಯಿತು. ತೊಗರಿ ಜೊತೆ ಜೋಳ ಹಾಕಿದರೆ, ಅಥವಾ ನಡುವೆ ಒಂದು ವರ್ಷ ಜೋಳ ಬೆಳೆದರೆ, ನೆಟೆ ಗಣನೀಯವಾಗಿ ಇಳಿಯುತ್ತದೆ. ನಮ್ಮ ಅಜ್ಜಂದಿರು ಯರಿ ಹೊಲದಲ್ಲಿ ಜೋಳ, ಸಜ್ಜೆಯ ಸಾಲುಗಳ ನಡುವೆ ತೊಗರಿ ಹಾಕುತ್ತಿದ್ದರು. ಹಳೆ ಮೈಸೂರಿನ ಕಡೆ ರಾಗಿ ಹೊಲದ ಅಕ್ಕಡಿ ಸಾಲೂ ಇದೇ ಪದ್ಧತಿ. ಅವರಿಗೆ ಫ್ಯುಸೇರಿಯಂ ಗೊತ್ತಿರಲಿಲ್ಲ. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಎಂಬುದು ಅವರ ಲೆಕ್ಕ. ಆ ಲೆಕ್ಕ ಶಿಲೀಂಧ್ರವನ್ನೂ ಹದ್ದಿನಲ್ಲಿಟ್ಟಿತ್ತು.

ಹಾಗಂತ ಒಂದೇ ಬೆಳೆ ಎಂದರೆ ಎಲ್ಲ ಕಡೆ ಒಂದೇ ಪರಿಣಾಮ ಅಂತಲೂ ಅಲ್ಲ. ಗೋಧಿಯ ಬೇರು ಕಪ್ಪಾಗಿ ಕೊಳೆಯುವ 'ಟೇಕ್-ಆಲ್' ಎಂಬ ರೋಗವಿದೆ. ಗೋಧಿಯ ಮೇಲೆ ಗೋಧಿ ಬೆಳೆದರೆ ಮೊದಲ ಕೆಲವು ವರ್ಷ ಅದು ಏರುತ್ತದೆ. ಛಲ ಬಿಡದೆ ಬೆಳೆಯುತ್ತಾ ಹೋದರೆ ತಾನೇ ಇಳಿಯುತ್ತದೆ. ಶತ್ರು ಹೆಚ್ಚಿದಂತೆ ಶತ್ರುವಿನ ಶತ್ರುವೂ ಹೆಚ್ಚುತ್ತಾನೆ. ಗೋಧಿ ಬೇರಿನ ಸುತ್ತ ಸೇರುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಆ ಶಿಲೀಂಧ್ರವನ್ನು ತಡೆಯುವ ಔಷಧ ಸ್ರವಿಸುತ್ತವೆ. ಅಂಥ ಮಣ್ಣನ್ನು ಕಾಯಿಸಿದರೆ ಆ ಶಕ್ತಿ ಹೋಗುತ್ತದೆ. ಸ್ವಲ್ಪ ಮಣ್ಣು ಒಯ್ದು ಬೇರೆ ಮಣ್ಣಿಗೆ ಬೆರೆಸಿದರೆ ಅಲ್ಲಿಗೂ ಬರುತ್ತದೆ, ಥೇಟ್ ಮೊಸರಿಗೆ ಹೆಪ್ಪು ಹಾಕಿದ ಹಾಗೆ! ಆದರೆ ಇದನ್ನು ನಂಬಿ ತೊಗರಿಯ ಮೇಲೆ ತೊಗರಿ ಬಿತ್ತುತ್ತಾ ಕೂರಬೇಡಿ. ಪಟಾಂಚೇರಿನ ರೋಗದ ಹೊಲ ರೋಗದ ಹೊಲವಾಗಿಯೇ ಉಳಿದದ್ದರಿಂದಲೇ ತಳಿಗಳ ಪರೀಕ್ಷೆ ನಡೆಯಿತು.

ಸ್ನೇಹಿತರ ಕಥೆಯೂ ಇದೆ. ಬೇರಿಗೆ ಅಂಟಿಕೊಂಡು ರಂಜಕ ತಂದುಕೊಟ್ಟು, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುವ ಮೈಕೊರೈಜಾ ಎಂಬ ಒಳ್ಳೆಯ ಶಿಲೀಂಧ್ರಗಳಿವೆ. ಬರೀ ಮೆಕ್ಕೆಜೋಳವನ್ನೇ ಬೆಳೆದ ಹೊಲದಲ್ಲಿ ಹೆಚ್ಚಾಗುವ ಮೈಕೊರೈಜಾಗಳು ಮೆಕ್ಕೆಜೋಳಕ್ಕೆ ಅಷ್ಟೇನೂ ಉಪಕಾರಿಗಳಲ್ಲ ಎಂಬ ಸೂಚನೆ 1992ರಲ್ಲಿ ಅಮೆರಿಕದ ಮಿನೆಸೋಟದ ಅಧ್ಯಯನವೊಂದರಿಂದ ಬಂತು. ಸಕ್ಕರೆ ಪೂರಾ ವಸೂಲಿ, ರಂಜಕ ಮಾತ್ರ ಅರೆಬರೆ. ಖಾಯಂ ಗಿರಾಕಿ ಎಲ್ಲಿಗೆ ಹೋಗುತ್ತಾನೆ ಎಂಬ ಧೈರ್ಯ ಇದ್ದ ಅಂಗಡಿಯವನ ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಕಡೆ ಏನಾಯಿತು? ತೊಗರಿ ನಗದು ತರುವ ಬೆಳೆಯಾಯಿತು. ಜೋಳದ ಹೊಲಗಳು ಕಡಿಮೆಯಾದವು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು, ಹೆಮ್ಮೆಯೇ ಸರಿ. ಆದರೆ 2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ನೆಟೆಯಿಂದ ದೊಡ್ಡ ನಷ್ಟವಾಗಿ, 2023ರ ಆರಂಭದಲ್ಲಿ ರಾಜ್ಯ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಮಳೆಯ ಏರುಪೇರೂ ಕಾರಣ, ಒಪ್ಪೋಣ. ಆದರೆ ಮಳೆ ನಮ್ಮ ಕೈಯಲ್ಲಿಲ್ಲ, ಸರದಿ ಬದಲಿಸುವುದು ಇದೆ.

ಬೆಳೆ ಸಾಲದ ಅರ್ಜಿಗಳನ್ನು ನಾನು ಬಹಳ ನೋಡಿದ್ದೇನೆ. ಈ ಹಂಗಾಮಿಗೆ ಯಾವ ಬೆಳೆ, ಎಷ್ಟು ಎಕರೆ ಎಂಬ ಕಾಲಂ ಇರುತ್ತದೆ. ಕಳೆದ ಮೂರು ವರ್ಷ ಅದೇ ಹೊಲದಲ್ಲಿ ಏನಿತ್ತು ಎಂಬ ಕಾಲಂ ನಾನು ನೋಡಿದ ನಮೂನೆಗಳಲ್ಲಿ ಇರಲಿಲ್ಲ. ಸಾಲಗಾರನ ಹಳೆ ಬಾಕಿ ನಾವು ಕಟ್ಟುನಿಟ್ಟಾಗಿ ನೋಡುತ್ತೇವೆ, ಹೊಲದ ಹಳೆ ಬಾಕಿ ಯಾರೂ ನೋಡುವುದಿಲ್ಲ.

ಇದರಲ್ಲಿ ನಮ್ಮಂಥ ಊರು ಬಿಟ್ಟವರ ಪಾಲೂ ಇದೆ ಅನ್ನಿಸುತ್ತದೆ. ನಮ್ಮಲ್ಲಿ ಅನೇಕರ ಹೊಲ ವರ್ಷದ ಕರಾರಿನ ಮೇಲೆ ಲಾವಣಿಗೆ ಹೋಗಿದೆ. ಮುಂದಿನ ವರ್ಷ ಆ ಹೊಲ ತನಗೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಮನುಷ್ಯ, ಈ ವರ್ಷ ಹೆಚ್ಚು ದುಡ್ಡು ಬರುವುದನ್ನೇ ಬಿತ್ತುತ್ತಾನೆ. ಅವನದೇನು ತಪ್ಪು? ಮೂರು ವರ್ಷದ ಮಾತು ಕೊಟ್ಟು, ಒಂದು ವರ್ಷ ಜೋಳ ಹಾಕಪ್ಪಾ, ಆ ವರ್ಷ ಲಾವಣಿ ಸ್ವಲ್ಪ ಕಡಿಮೆ ಕೊಡು ಎಂದರೆ ಅವನೂ ಒಪ್ಪಿಯಾನು, ಮಣ್ಣೂ ಒಪ್ಪೀತು. ಈ ಸಲ ಫೋನಿನಲ್ಲಿ ಬೆಳೆ ಹೇಗಿದೆ ಎಂದು ಕೇಳುವಾಗ, ಹೋದ ವರ್ಷ, ಅದರ ಹಿಂದಿನ ವರ್ಷ ಆ ಹೊಲದಲ್ಲಿ ಏನಿತ್ತು ಅಂತಲೂ ಕೇಳಿ ನೋಡಿ. ಏನಂತೀರಿ?