ಮೊದಲ ಸೈಕೋಸಿಸ್ ನಂತರ ರೋಗನಿರ್ಣಯದ ಬದಲಾವಣೆ

ಮೊದಲ ಸಲ ಸೈಕೋಸಿಸ್ ಕಾಣಿಸಿಕೊಂಡಾಗ ವೈದ್ಯರು ಬರೆಯುವ ರೋಗದ ಹೆಸರು ಮುಂದೆ ಬದಲಾಗುವುದುಂಟು. ಇದನ್ನು ವೈದ್ಯರ ತಪ್ಪೆಂದು ತಿಳಿಯುವುದು ಬಹುಮಟ್ಟಿಗೆ ಸರಿಯಲ್ಲ. ಸೈಕೋಸಿಸ್‌ನ ಲಕ್ಷಣಗಳಾದ, ಯಾರೂ ಇಲ್ಲದೆ ದನಿ ಕೇಳಿಸುವುದು, ತನ್ನ ಮೇಲೆ ಸಂಚು ನಡೆದಿದೆಯೆಂಬ ಅಚಲ ನಂಬಿಕೆ, ಎಳೆ ತಪ್ಪಿದ ಮಾತು ಇವೆಲ್ಲ ಸ್ಕಿಜೋಫ್ರೀನಿಯಾ, ಬೈಪೋಲಾರ್ ಕಾಯಿಲೆ, ತೀವ್ರ ಖಿನ್ನತೆ, ಮಾದಕ ವಸ್ತುಗಳ ಸೇವನೆ ಎಲ್ಲದರಲ್ಲೂ ಬರಬಹುದು. ಮೊದಲ ಮೂರನ್ನು ಬೇರ್ಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಕಾಯಿಲೆ ಹೇಗೆ ಸಾಗುತ್ತದೆ ಎಂಬುದೇ ಮುಖ್ಯ ಸಾಕ್ಷ್ಯ, ಅದು ಸಿಗಲು ಕಾಲ ಬೇಕು.

ಇತಿಹಾಸ

ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ರೋಗಿಗಳ ವಿವರಗಳನ್ನು ಚೀಟಿಗಳಲ್ಲಿ ಬರೆದಿಡುತ್ತಿದ್ದರು. ಅವರ ಸ್ಥಿತಿ ಮುಂದೆ ಏನಾಯಿತೆಂಬುದನ್ನೂ ಗಮನಿಸಿ, 1899ರಲ್ಲಿ ತಮ್ಮ ಪಠ್ಯಪುಸ್ತಕದ ಆರನೆಯ ಆವೃತ್ತಿಯಲ್ಲಿ ‘ಡಿಮೆನ್ಷಿಯಾ ಪ್ರೀಕಾಕ್ಸ್’ ಮತ್ತು ಉನ್ಮಾದ-ಖಿನ್ನತೆಯ ಕಾಯಿಲೆಗಳನ್ನು ಬೇರೆಬೇರೆಯಾಗಿ ನಿಲ್ಲಿಸಿದರು. 1908ರಲ್ಲಿ ಡಿಮೆನ್ಷಿಯಾ ಪ್ರೀಕಾಕ್ಸ್‌ಗೆ ಸ್ಕಿಜೋಫ್ರೀನಿಯಾ ಎಂಬ ಹೆಸರಿಟ್ಟ ಆಯ್ಗೆನ್ ಬ್ಲಾಯ್ಲರ್ ಲಕ್ಷಣಗಳಿಗೆ ಹೆಚ್ಚು ಒತ್ತು ಕೊಟ್ಟರು. ಈ ಎರಡು ಕಾಯಿಲೆಗಳ ನಡುವೆ ಬೀಳುವ ರೋಗಿಗಳಿಗಾಗಿ 1933ರಲ್ಲಿ ಜೇಕಬ್ ಕಸಾನಿನ್ ‘ಸ್ಕಿಜೋಅಫೆಕ್ಟಿವ್’ ಎಂಬ ಪದ ತಂದರು.

ಅವಧಿಯ ನಿಯಮ ಮತ್ತು ಅಲ್ಪಕಾಲದ ಸೈಕೋಸಿಸ್

ಅಮೆರಿಕದ ಡಿಎಸ್‌ಎಂ ರೋಗವರ್ಗೀಕರಣ ಪದ್ಧತಿಯಲ್ಲಿ ಒಂದು ತಿಂಗಳೊಳಗೆ ವಾಸಿಯಾದರೆ ಅಲ್ಪಕಾಲದ ಸೈಕೋಸಿಸ್, ಆರು ತಿಂಗಳೊಳಗಾದರೆ ಸ್ಕಿಜೋಫ್ರೆನಿಫಾರ್ಮ್, ಅದನ್ನು ದಾಟಿದರೆ ಸ್ಕಿಜೋಫ್ರೀನಿಯಾ. ಲಕ್ಷಣಗಳು ಇದ್ದ ಹಾಗೇ ಇದ್ದರೂ ಕ್ಯಾಲೆಂಡರ್ ತಿರುಗಿದ ಮಾತ್ರಕ್ಕೆ ಹೆಸರು ಬದಲಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾದ ಐಸಿಡಿ-10ರಲ್ಲಿ ಸ್ಕಿಜೋಫ್ರೀನಿಯಾಕ್ಕೆ ಒಂದು ತಿಂಗಳು ಸಾಕು.

ಅಲ್ಪಕಾಲದ ಸೈಕೋಸಿಸ್ ಕುರಿತ ತಿಳಿವಳಿಕೆಗೆ ಭಾರತದ ಕೊಡುಗೆ ದೊಡ್ಡದು, ಅದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಆಗ್ರಾ, ಚಂಡೀಗಢಗಳ ಅಧ್ಯಯನಗಳಲ್ಲಿ ಎರಡು ವಾರದೊಳಗೆ ಉಲ್ಬಣಿಸಿ, ಕೆಲವೇ ವಾರಗಳಲ್ಲಿ ಪೂರ್ತಿ ಇಳಿದುಹೋಗುವ ಸೈಕೋಸಿಸ್ ಮತ್ತೆಮತ್ತೆ ಕಂಡಿತು. ಅಂಥವರನ್ನು ಸ್ಕಿಜೋಫ್ರೀನಿಯಾ ರೋಗಿಗಳೆಂದರೆ ಹೊಂದುತ್ತಿರಲಿಲ್ಲ, ಉನ್ಮಾದವೆಂದರೂ ಹೊಂದುತ್ತಿರಲಿಲ್ಲ. ಮನೋವೈದ್ಯ ಎನ್. ಎನ್. ವಿಗ್ ಮೊದಲಾದವರು ಇದಕ್ಕೆ ಪ್ರತ್ಯೇಕ ಸ್ಥಾನ ಬೇಕೆಂದು ವಾದಿಸಿದರು. 1992ರಲ್ಲಿ ಪ್ರಕಟವಾದ ಐಸಿಡಿ-10ರಲ್ಲಿ ಇಂಥ ಅಲ್ಪಕಾಲದ ಸೈಕೋಸಿಸ್‌ಗೆ ಮೀಸಲಾದ ಎಫ್23 ವರ್ಗದ ಹಿಂದೆ ಈ ಕೆಲಸವೂ ಇದೆ. ಆದರೂ ಈ ಹೆಸರು ಪಡೆದವರಲ್ಲಿ ಒಂದು ಪಾಲು ಜನ ಮುಂದೆ ಸ್ಕಿಜೋಫ್ರೀನಿಯಾ ಅಥವಾ ಬೈಪೋಲಾರ್ ಕಡೆಗೆ ಹೊರಳುತ್ತಾರೆ.

ಅನುಸರಣಾ ಅಧ್ಯಯನಗಳು

ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ಸೈಕೋಸಿಸ್‌ನಿಂದ ಮೊದಲ ಸಲ ಆಸ್ಪತ್ರೆ ಸೇರಿದ 470 ಜನರನ್ನು ಎವಲಿನ್ ಬ್ರೋಮೆಟ್ ತಂಡ ಹತ್ತು ವರ್ಷ ಅನುಸರಿಸಿತು. 2011ರ ವರದಿಯಂತೆ ಸುಮಾರು ಅರ್ಧದಷ್ಟು ಜನರ ರೋಗನಿರ್ಣಯ ಒಮ್ಮೆಯಾದರೂ ಬದಲಾಗಿತ್ತು. ಸ್ಕಿಜೋಫ್ರೀನಿಯಾ ವರ್ಗದವರು ಆರಂಭದಲ್ಲಿ ಶೇ. 30ರಷ್ಟಿದ್ದರೆ ಕೊನೆಯಲ್ಲಿ ಶೇ. 50ರಷ್ಟಿದ್ದರು. 2016ರಲ್ಲಿ ಪಾವೊಲೊ ಫುಸಾರ್-ಪೋಲಿ ಮತ್ತು ಸಂಗಡಿಗರು 42 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊದಲು ಸ್ಕಿಜೋಫ್ರೀನಿಯಾ ಎನಿಸಿಕೊಂಡವರಲ್ಲಿ ಶೇ. 90ರಷ್ಟು ಜನರಿಗೆ ಅದೇ ಹೆಸರು ಉಳಿದಿತ್ತು. ಅಲ್ಪಕಾಲದ ಸೈಕೋಸಿಸ್‌ನಲ್ಲಿ ಇದು ಶೇ. 56, ಸ್ಕಿಜೋಫ್ರೆನಿಫಾರ್ಮ್‌ನಲ್ಲಿ ಶೇ. 29. ಈ ಅಂಕಿಗಳು ಗುಂಪಿನ ಸರಾಸರಿಗಳು. ಒಬ್ಬ ರೋಗಿಯ ಭವಿಷ್ಯವನ್ನು ಇವುಗಳಿಂದ ಹೇಳಲಾಗದು.

ಬದಲಾವಣೆಯ ಕಾರಣಗಳು

ಕೆಲವೊಮ್ಮೆ ಕಾಯಿಲೆಯೇ ಹೊಸ ರೂಪ ತೋರುತ್ತದೆ, ಕೆಲವೊಮ್ಮೆ ಹಳೆಯ ಸಂಗತಿ ತಡವಾಗಿ ತಿಳಿಯುತ್ತದೆ. ದನಿ ಕೇಳಿಸುತ್ತದೆಂದು ಬಂದ ಹುಡುಗ ಹಿಂದಿನ ವರ್ಷ ವಾರಗಟ್ಟಲೆ ನಿದ್ದೆಯಿಲ್ಲದೆ, ದಣಿವೂ ಇಲ್ಲದೆ ಓಡಾಡಿ, ಕೈಗೆ ಸಿಕ್ಕ ಹಣವನ್ನೆಲ್ಲ ಖರ್ಚು ಮಾಡಿದ್ದನೆಂದು ಅಕ್ಕ ಮೂರನೆಯ ಭೇಟಿಯಲ್ಲಿ ಹೇಳಿದರೆ ವೈದ್ಯರು ಬೈಪೋಲಾರ್ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ. ಆಗ ಲಿಥಿಯಂನಂಥ ಮದ್ದಿನ ಯೋಚನೆಯೂ ಬರುತ್ತದೆ.

ದೈಹಿಕ ಕಾರಣಗಳು

ಅಪರೂಪಕ್ಕೆ ಸೈಕೋಸಿಸ್‌ನ ಮೂಲ ಮಿದುಳಿನ ಉರಿಯೂತವಾಗಿರಬಹುದು. 2007ರಲ್ಲಿ ಹೊಸೆಪ್ ದಲ್ಮಾವ್ ತಂಡ ವಿವರಿಸಿದ ಎನ್‌ಎಂಡಿಎ ಗ್ರಾಹಕ-ವಿರೋಧಿ ಎನ್ಸೆಫಲೈಟಿಸ್ ಇದಕ್ಕೆ ಉದಾಹರಣೆ. ಸೈಕೋಸಿಸ್ ಜೊತೆಗೆ ಫಿಟ್ಸ್, ಬಾಯಿ-ಮುಖದ ಅಸಹಜ ಚಲನೆ ಅಥವಾ ಪ್ರಜ್ಞೆಯ ಏರುಪೇರು ಕಂಡರೆ ಬೆನ್ನುಹುರಿ ದ್ರವದ ಪರೀಕ್ಷೆ ಅಗತ್ಯವಾಗುತ್ತದೆ.