ಕೊರಳು ಕೊಟ್ಟವರು



ಈ ಹೊತ್ತಿನ ನನ್ನ ಭಾಷಣವು ಒಂದು ಸಣ್ಣ ಪ್ರಯೋಗದಿಂದ ಆರಂಭವಾಗಲಿ. ತಾವು ಕುಳಿತಲ್ಲಿಯೇ ಕೊರಳಿನ ಮುಂಭಾಗದ ಮೇಲೆ ಎರಡು ಬೆರಳುಗಳನ್ನು ಮೆಲ್ಲನೆ ಇಟ್ಟು, ಒಮ್ಮೆ ಉಗುಳನ್ನು ನುಂಗಿರಿ. ಗಂಟಲಿನ ಗಂಟು ಥಟ್ಟನೆ ಮೇಲೇರಿ, ಮರುಕ್ಷಣವೇ ತನ್ನ ಸ್ಥಾನಕ್ಕೆ ಇಳಿಯುವುದು ಬೆರಳಿಗೆ ತಿಳಿಯುವುದು. ಈಗ ಮುಖವನ್ನು ಎಡಕ್ಕೆ ತಿರುಗಿಸಿರಿ. ಬಲಗಿವಿಯ ಹಿಂದಿನಿಂದ ಎದೆಯ ಮೂಳೆಯವರೆಗೆ ಹಗ್ಗದಂತೆ ಬಿಗಿದು ನಿಲ್ಲುವ ಸ್ನಾಯುವೊಂದು ಕೈಗೆ ಸಿಕ್ಕುವುದು. ಚರಿತ್ರೆಯ ಪಾಠ ಹೇಳುವವನಿಗೆ ವೈದ್ಯರ ಗೊಡವೆ ಏತಕ್ಕೆಂದು ತಾವು ಕೇಳಬಹುದು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಕಲ್ಲುಗಳೇ ನನ್ನನ್ನು ಈ ಗೊಡವೆಗೆ ಎಳೆದವು.

ಈ ಎರಡು ತಾಲ್ಲೂಕುಗಳು ಹಿಂದಿನ ಬನವಾಸಿ ಹನ್ನೆರಡು ಸಾಸಿರಕ್ಕೆ ಸೇರಿದ ಸೀಮೆ. ಇಲ್ಲಿ ಕೆರೆಯ ಏರಿಯ ಮೇಲೂ, ಗುಡಿಯ ಅಂಗಳದಲ್ಲಿಯೂ, ಹೊಲದ ಬದುವಿನಲ್ಲಿಯೂ ವೀರಗಲ್ಲುಗಳು ನಿಂತಿವೆ. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದ ಶಾಸನಗಳನ್ನು 1904ರಲ್ಲಿಯೂ ತಮ್ಮ ಶಾಸನ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ತುರುಗಳನ್ನು ಮರಳಿಸಲು ಕಾದಿ ಮಡಿದವರು, ಹುಲಿಯೊಡನೆ ಹೋರಾಡಿ ಸತ್ತವರು, ಊರಳಿವಿನಲ್ಲಿ ಬಿದ್ದವರು, ಹೀಗೆ ಸಾವಿನ ನಾನಾ ಬಗೆಗಳು ಈ ಕಲ್ಲುಗಳಲ್ಲಿ ಕಾಣಬರುತ್ತವೆ. ಅವುಗಳ ನಡುವೆ ಓದುಗನನ್ನು ತಡೆದು ನಿಲ್ಲಿಸುವ ಮಾತೊಂದುಂಟು. ಅದು ‘ಸಿಡಿತಲೆ’.

ಸಿಡಿತಲೆಯೆಂದರೆ ಇದು: ಬಾಗುವ ಬಿದಿರ ಗಳುವನ್ನು ನೆಲದಲ್ಲಿ ನೆಟ್ಟು, ಅದರ ತುದಿಯನ್ನು ಬಗ್ಗಿಸಿ, ಹರಕೆ ಹೊತ್ತವನ ಮುಡಿಯನ್ನು ಅದಕ್ಕೆ ಬಿಗಿಯುತ್ತಿದ್ದರು. ಕತ್ತಿಯ ಏಟು ಬಿದ್ದೊಡನೆ ಗಳು ನೆಟ್ಟಗಾಗಿ, ತಲೆಯು ಮೇಲಕ್ಕೆ ಸಿಡಿಯುತ್ತಿತ್ತು. ಅರಸನಿಗೆ ಗಂಡುಮಗು ಹುಟ್ಟಿದರೆ ದೇವಿಗೆ ತನ್ನ ಸಿಡಿತಲೆಯನ್ನು ಕೊಡುವೆನೆಂದು ಹರಕೆ ಹೊತ್ತು, ಹಾಗೆಯೇ ನಡೆದುಕೊಂಡವನ ಸುದ್ದಿಯೂ ಈ ಸೀಮೆಯ ಶಾಸನದಲ್ಲಿದೆ. ಮಗುವು ಅರಸನದು, ತಲೆಯು ಆಳಿನದು.

ಇಂಥ ಕಲ್ಲಿನ ಮುಂದೆ ನಿಂತಾಗ, ಇಲ್ಲಿ ಕಡಿದುಹೋದದ್ದು ಏನು ಎಂಬ ಪ್ರಶ್ನೆ ಏಳುವುದು ಸಹಜ. ಶರೀರಶಾಸ್ತ್ರವು ಅದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಕೊರಳಿನ ಚರ್ಮದ ಕೆಳಗೆ ಮೊದಲು ತೆಳುವಾದ ಹಾಳೆಯಂಥ ಸ್ನಾಯುವೊಂದಿದೆ. ಅದರ ಕೆಳಗೆ ಎರಡು ಪಕ್ಕಗಳಲ್ಲಿಯೂ, ನಾವು ಈಗ ತಾನೇ ಮುಟ್ಟಿ ನೋಡಿದ ಹಗ್ಗದಂಥ ಸ್ನಾಯುಗಳಿವೆ. ಒಂದು ಬಿಗಿದರೆ ಮುಖವು ಎದುರು ಪಕ್ಕಕ್ಕೆ ತಿರುಗುತ್ತದೆ. ಎರಡೂ ಕೂಡಿ ಬಿಗಿದರೆ ಕುತ್ತಿಗೆಯು ಮುಂದಕ್ಕೆ ಬಾಗುತ್ತದೆ. ಏದುಸಿರು ಬಂದಾಗ ಎದೆಗೂಡನ್ನು ಮೇಲೆತ್ತಲು ನೆರವಾಗುವವೂ ಇವೇ. ನಟ್ಟನಡುವೆ, ಗದ್ದದ ಕೆಳಗೆ, ಲಾಳದ ಆಕಾರದ ಸಣ್ಣ ಮೂಳೆಯೊಂದುಂಟು. ಇದು ಬೇರೆ ಯಾವ ಮೂಳೆಯೊಡನೆಯೂ ಕೀಲುಗೂಡಿಲ್ಲ. ಸ್ನಾಯು ಮತ್ತು ತಂತುಗಳ ತೊಟ್ಟಿಲಿನಲ್ಲಿ ತೂಗಿಕೊಂಡಿದೆ. ಪ್ರತಿಯೊಂದು ಪಕ್ಕದಲ್ಲಿಯೂ ಅದಕ್ಕೆ ಮೇಲಿನಿಂದ ನಾಲ್ಕು, ಕೆಳಗೆ ನಾಲ್ಕು ಸ್ನಾಯುಗಳು. ಮೇಲಿನವು ನುಂಗುವಾಗ ಮೂಳೆಯನ್ನೂ ಧ್ವನಿಪೆಟ್ಟಿಗೆಯನ್ನೂ ಮೇಲಕ್ಕೆ ಮುಂದಕ್ಕೆ ಎತ್ತಿ, ಅನ್ನವು ಉಸಿರಿನ ದಾರಿಗೆ ಬೀಳದಂತೆ ಕಾಯುತ್ತವೆ. ಕೆಳಗಿನವು ಮರಳಿ ಅದನ್ನು ಇಳಿಸಿ ನಿಲ್ಲಿಸುತ್ತವೆ. ಮಾತನಾಡುವಾಗಲೂ ಹಾಡುವಾಗಲೂ ಧ್ವನಿಪೆಟ್ಟಿಗೆಯನ್ನು ತಕ್ಕ ಎತ್ತರದಲ್ಲಿ ಹಿಡಿದಿಡುವುದು ಈ ಸ್ನಾಯುಗಳ ಕೆಲಸವೇ. ಅನ್ನ, ಉಸಿರು, ನುಡಿ, ಈ ಮೂರೂ ಹಾಯುವ ಇಕ್ಕಟ್ಟಾದ ಹೆಬ್ಬಾಗಿಲಿಗೆ ಇವರೇ ಕಾವಲುಗಾರರು.

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ಸುಶ್ರುತಸಂಹಿತೆಯು ದೇಹದಲ್ಲಿ 500 ಪೇಶಿಗಳನ್ನು ಎಣಿಸಿ, ಕೊರಳು ಮತ್ತು ಅದರ ಮೇಲ್ಭಾಗಕ್ಕೆ 34ನ್ನು ಹಂಚುತ್ತದೆ. ಲೆಕ್ಕವು ಇಂದಿನ ಶಾಸ್ತ್ರಕ್ಕೆ ಹೊಂದದಿದ್ದರೂ, ನೋಟವು ಬಲು ಸೂಕ್ಷ್ಮವಾದುದು. ಗಂಟಲಿನ ಇಕ್ಕೆಲಗಳಲ್ಲಿರುವ ನೀಲಾ, ಮನ್ಯಾ ಎಂಬ ಮರ್ಮಗಳಿಗೆ ಪೆಟ್ಟಾದರೆ ಮೂಕತನ, ಸ್ವರದ ವಿಕಾರ, ರುಚಿಯ ನಾಶ ಉಂಟಾಗುವುವೆಂದು ಆ ಗ್ರಂಥವು ಹೇಳುತ್ತದೆ. ಕೊರಳಿನ ಗಾಯವು ಮಾತಿನ ಗಾಯವೆಂಬುದನ್ನು ವೈದ್ಯರು ಬಲ್ಲವರಾಗಿದ್ದರು.

ಕನ್ನಡಿಗರೂ ಬಲ್ಲವರು. ನಮ್ಮ ನುಡಿಯಲ್ಲಿ ‘ಕೊರಳು’ ಎಂದರೆ ಕುತ್ತಿಗೆಯೂ ಹೌದು, ದನಿಯೂ ಹೌದು. ಇನಿಗೊರಳಿನವನು ಎಂದಾಗ ನಾವು ಹೊಗಳುವುದು ಆಭರಣ ತೊಡುವ ಕತ್ತನ್ನಲ್ಲ. ಈ ಅರಿವಿನಿಂದ ಸಿಡಿತಲೆಯ ಶಾಸನಗಳನ್ನು ಮತ್ತೊಮ್ಮೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಶಾಸನವು ಆತನು ತಲೆಯನ್ನು ಕೊಟ್ಟನೆನ್ನುತ್ತದೆ. ಆತನ ಕೊರಳು ಏನೆಂದಿತೆಂಬುದನ್ನು ತಿಳಿಸುವುದಿಲ್ಲ. ಹರಕೆಯನ್ನು ಭಕ್ತಿಯಿಂದಲೇ ಹೊತ್ತನೇ, ಸ್ವಾಮಿನಿಷ್ಠೆಯಿಂದಲೇ, ಅಥವಾ ಹಿಂದೆಗೆಯಲಾರದ ಲಜ್ಜೆಯಿಂದಲೇ? ಬರೆಯಿಸಿದವರು ಬೇರೆಯವರು. ಹೊಗಳಿಕೆ ಅವರದು, ಮೌನ ಇವನದು. ಆತನ ಧೈರ್ಯವನ್ನು ಹಗುರಾಗಿ ಕಾಣುವುದು ನಮಗೆ ಸಲ್ಲದು. ಆದರೆ ಆ ಧೈರ್ಯವನ್ನು ಬೇಡಿದ ಕಾಲವನ್ನು ಕೊಂಡಾಡುವುದೂ ಸಲ್ಲದು.

ಅದೇ ಸೀಮೆಯು ಇದಕ್ಕೆ ಎದುರಾದ ಸಾಕ್ಷ್ಯವನ್ನೂ ಉಳಿಸಿಟ್ಟಿರುವುದು ನಮ್ಮ ಭಾಗ್ಯ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಬಿಜ್ಜಳನ ಕಾಲದ, 1162ರ ಶಾಸನವೊಂದು ಅದನ್ನು ವರ್ಣಿಸುತ್ತದೆ. ಅಲ್ಲಿ ವೇದಗಳ ಪಾಠವೂ ವ್ಯಾಕರಣ ದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿದ್ದುವು, ದೀನರಿಗೂ ಅನಾಥರಿಗೂ, ಕುಂಟರು ಕುರುಡರು ಕಿವುಡರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು, ಸಕಲ ಜೀವಿಗಳಿಗೂ ಅಭಯವಿತ್ತು. ಉಣ್ಣುವ ಕೊರಳು, ಓದುವ ಕೊರಳು, ಹಾಡುವ ಕೊರಳು, ನೋಯುವ ಕೊರಳು, ಎಲ್ಲಕ್ಕೂ ಅಲ್ಲಿ ಎಡೆಯಿತ್ತೆಂದರೆ ಉತ್ಪ್ರೇಕ್ಷೆಯಾಗದು. ಅಲ್ಲಮಪ್ರಭುವು ಹುಟ್ಟಿದ್ದೂ ಈ ಬಳ್ಳಿಗಾವೆಯಲ್ಲಿಯೇ ಎಂಬುದು ನಮ್ಮ ಸಂಪ್ರದಾಯ. ಅರಸನಿಗಾಗಿ ಕೊರಳನ್ನು ಒಪ್ಪಿಸಿದ ನಾಡಿನಲ್ಲಿಯೇ, ಯಾರಿಗೂ ಅಂಜದೆ ನುಡಿದ ಕೊರಳೂ ಮೂಡಿತು.

ಇತಿಹಾಸವು ನಮಗೆ ಎರಡೂ ಕಲ್ಲುಗಳನ್ನು ಬಿಟ್ಟುಹೋಗಿದೆ. ತಾವು ಎಂದಾದರೂ ಆ ಕಡೆಗೆ ಹೋದರೆ ಬಳ್ಳಿಗಾವೆಯ ಗುಡಿಯನ್ನು ನೋಡಿ ಆನಂದಿಸಿರಿ. ಹಾಗೆಯೇ ದಾರಿಯ ಪಕ್ಕದ ವೀರಗಲ್ಲಿನ ಮುಂದೆಯೂ ಕ್ಷಣಕಾಲ ನಿಲ್ಲಿರಿ. ಅಲ್ಲಿ ನಿಂತು ಒಮ್ಮೆ ಉಗುಳು ನುಂಗಿದರೆ, ಬೆರಳ ಕೆಳಗೆ ಏರಿ ಇಳಿಯುವ ಆ ಗಂಟು, ಹಾಡಿಗೂ ಪಾಠಕ್ಕೂ ಬೇಕಾಗಿದ್ದ ಇನ್ನೊಬ್ಬನ ಕೊರಳನ್ನು ನೆನಪಿಗೆ ತಂದೀತು.